ಗೆದ್ದಲು ಬಾಕ್ಸ್ ತಿಂದಿದೆ, ಸ್ಪೀಕರ್ ಉಳಿದಿದೆ: ಹೊಸ ಬಾಕ್ಸ್ ಎಷ್ಟು ಲೀಟರ್ ಮಾಡಿಸಲಿ?

ಹಳೇಡೆಕ್_ಹನುಮಂತನಗರ (ಶನಿವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಮನೆಗೆ ಬಣ್ಣ ಹೊಡೆಸೋಣ ಅಂತ ಅಟ್ಟದಿಂದ ಸಾಮಾನು ಇಳಿಸುವಾಗ ಅಪ್ಪನ ಹಳೇ ಸ್ಪೀಕರ್ ಜೋಡಿ ಕೈಗೆ ಸಿಕ್ಕಿತು. 1984ರಲ್ಲಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಸೆಂಬಲ್ ಮಾಡಿಸಿದ್ದು. ಕೈಗೆ ಸಿಕ್ಕಿತು ಅಂದೆನಲ್ಲ, ಅರ್ಧ ಮಾತ್ರ ಸಿಕ್ಕಿತು. ಹಿಡಿದು ಎತ್ತಿದರೆ ತಳ ಅಲ್ಲೇ ಉಳಿಯಿತು. ಗೆದ್ದಲು ಒಳಗಿಂದ ಪೂರ್ತಿ ತಿಂದು ಮುಗಿಸಿದೆ, ಹೊರಗಿನ ಸನ್ಮೈಕಾ ಒಂದೇ ಗಟ್ಟಿಯಾಗಿ ನಿಂತಿದೆ.

ಸ್ಪೀಕರ್‌ಗಳು ಮಾತ್ರ ಚೆನ್ನಾಗಿವೆ. ಒಂದೊಂದು ಬಾಕ್ಸಿನಲ್ಲಿ ಎಂಟಿಂಚಿನ ಪೇಪರ್ ಕೋನ್ ವೂಫರ್ (ಬೇಸಿನದು) ಒಂದು, ಅದರ ಅಂಚು ಬಟ್ಟೆಯದು, ಜೊತೆಗೊಂದು ಸಣ್ಣ ಕೋನ್ ಟ್ವೀಟರ್ (ಕೀರಲು ಸದ್ದಿನದು). ಹೆಸರಿಲ್ಲ, ನಂಬರ್ ಇಲ್ಲ, ಹಿಂದೆ ನೀಲಿ ಇಂಕಿನಲ್ಲಿ 8 ಓಮ್ ಅಂತ ಮಾತ್ರ ಇದೆ. ಅಪ್ಪ "ಅದನ್ನ ಬಿಸಾಕಬೇಡ, ಅದರಲ್ಲಿ ಎಷ್ಟು ಕಛೇರಿ ಕೇಳಿದ್ದೀನಿ" ಅಂದರು. ಸರಿ, ಹೊಸ ಬಾಕ್ಸ್ ಮಾಡಿಸೋಣ. ಹಳೇ ಬಾಕ್ಸಿನ ಅಳತೆಗೇ ಮಾಡಿಸಿದರೆ ಸಾಕಾ? ಅದು ಸುಮಾರು 55 ಲೀಟರ್ ಬರುತ್ತದೆ, ಮುಂದೆ ಒಂದು ತೂತು ಬೇರೆ ಇತ್ತು. ನಮ್ಮ ಹಾಲಿನಲ್ಲಿ ಅಷ್ಟು ದೊಡ್ಡದಕ್ಕೆ ಜಾಗ ಇಲ್ಲ.

ಬೇಸ್_ಬೇಕು_ಗುರು

ಗುರೂ, ಸುಮ್ನೆ ಹಳೇ ಅಳತೆಗೇ ಮಾಡಿಸು. ದೊಡ್ಡ ಬಾಕ್ಸ್, ದೊಡ್ಡ ತೂತು, ಜಾಸ್ತಿ ಬೇಸ್. ಮುಗೀತು.

ರಿಪೇರಿ_ರೇಡಿಯೋ

ಮುಗಿಯಲ್ಲ. ಆ ಕಾಲದಲ್ಲಿ ಬಾಕ್ಸ್ ಹೇಗೆ ಮಾಡುತ್ತಿದ್ದರು ಅಂತ ನಾನು ಕಣ್ಣಾರೆ ಕಂಡವನು. ಬೋರ್ಡ್ ಎಷ್ಟು ಉಳಿದಿದೆಯೋ ಅಷ್ಟಕ್ಕೆ ಬಾಕ್ಸ್. ಆಂಪ್ಲಿಫೈಯರ್ ಪಕ್ಕದಲ್ಲಿ ಶೋಕೇಸಿಗೆ ಹೊಂದಿದರೆ ಅದೇ ಡಿಸೈನ್. ಅಂಗಡಿಯವರ ಹತ್ತಿರ ಎಷ್ಟಿಂಚಿನ ಹೋಲ್‌ಸಾ ಇತ್ತೋ ಅಷ್ಟಿಂಚಿನ ತೂತು. ಹಳೇ ಬಾಕ್ಸಿನ ಅಳತೆಯಲ್ಲಿ ಯಾವ ಗುಟ್ಟೂ ಇಲ್ಲ ತಮ್ಮ, ಗೆದ್ದಲು ತಿಂದಿದ್ದು ಒಳ್ಳೇದೇ ಆಯಿತು ಅಂದುಕೋ.

ಮೊದಲು ಸ್ಪೀಕರ್ ಬದುಕಿದೆಯಾ ನೋಡು. ಮಲ್ಟಿಮೀಟರ್ ಇಟ್ಟರೆ 8 ಓಮ್‌ನ ಸ್ಪೀಕರ್ 6ರಿಂದ 7ರ ನಡುವೆ ತೋರಿಸಬೇಕು, 8 ತೋರಿಸಲ್ಲ, ಗಾಬರಿ ಬೀಳಬೇಡ. ಒಂದೂವರೆ ವೋಲ್ಟಿನ ಸೆಲ್ ತಾಗಿಸಿದರೆ ಟಕ್ ಅಂತ ಕೋನ್ ಮುಂದೆಯೋ ಹಿಂದೆಯೋ ಸರಿಯಬೇಕು. ಆಮೇಲೆ ಎರಡೂ ಕೈಯ ಬೆರಳು ಸುತ್ತ ಇಟ್ಟು ಸಮನಾಗಿ ನಿಧಾನ ಒತ್ತು. ಒಳಗೆ ಕರಕರ ಅಂದರೆ ಕಾಯಿಲ್ (ಕೋನ್ ಹಿಂದಿನ ತಂತಿ ಸುರುಳಿ) ಉಜ್ಜುತ್ತಿದೆ ಅಂತ ಅರ್ಥ, ಆಗ ಬಾಕ್ಸಿನ ಮಾತು ಬೇಡ. ಬಟ್ಟೆ ಅಂಚು ಇರೋದು ನಿನ್ನ ಪುಣ್ಯ. ಫೋಮ್ ಅಂಚಿನದಾಗಿದ್ದರೆ ಇಷ್ಟು ವರ್ಷಕ್ಕೆ ಮುಟ್ಟಿದರೆ ಉದುರುವ ಹಾಗೆ ಆಗಿರುತ್ತಿತ್ತು. ಗಾಳಿಯ ತೇವಕ್ಕೆ ಆ ಫೋಮ್ ತಾನಾಗೇ ಕೊಳೆಯುತ್ತದೆ, ಬಳಸದೆ ಇಟ್ಟರೂ ಅಷ್ಟೆ.

ಸುಮ್ನೆ_ಕೇಳ್ತೀನಿ

ನನ್ನದು ದಡ್ಡ ಪ್ರಶ್ನೆ. ಸ್ಪೀಕರಿಗೆ ಬಾಕ್ಸ್ ಯಾಕೆ ಬೇಕು? ಶಬ್ದ ಮಾಡೋದು ಸ್ಪೀಕರ್ ತಾನೆ?

ಅಳತೆ_ಮೊದಲು

ದಡ್ಡ ಪ್ರಶ್ನೆ ಅಲ್ಲ, ಎಲ್ಲರೂ ಮೊದಲು ಕೇಳಬೇಕಾದ್ದು ಇದನ್ನೇ. ಕೋನ್ ಮುಂದಕ್ಕೆ ತಳ್ಳಿದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಕ್ಷಣ ಹಿಂದಿನ ಗಾಳಿ ಸಡಿಲವಾಗುತ್ತದೆ. ಬಾಕ್ಸ್ ಇಲ್ಲದಿದ್ದರೆ ಮುಂದಿನದು ಸುತ್ತಿ ಹಿಂದಕ್ಕೆ ಹೋಗಿ ಎರಡೂ ವಜಾ ಆಗುತ್ತವೆ. ಕೀರಲು ಸದ್ದಿಗೆ ಇದರಿಂದ ಅಷ್ಟು ತೊಂದರೆ ಇಲ್ಲ. 50 ಹರ್ಟ್ಜ್‌ನ ಒಂದು ಅಲೆ ಸುಮಾರು 7 ಮೀಟರ್ ಉದ್ದ, ಅದಕ್ಕೆ ಎಂಟಿಂಚಿನ ಸ್ಪೀಕರ್ ಸುತ್ತಿ ಬರೋದು ಲೆಕ್ಕವೇ ಅಲ್ಲ. ಬರೀ ಸ್ಪೀಕರ್ ಕೈಯಲ್ಲಿ ಹಿಡಿದು ಹಾಡು ಹಾಕಿ ನೋಡಿ, ಆಮೇಲೆ ಒಂದು ದೊಡ್ಡ ರಟ್ಟಿನಲ್ಲಿ ತೂತು ಮಾಡಿ ಅದರ ಹಿಂದೆ ಹಿಡಿಯಿರಿ. ಬೇಸ್ ಎಲ್ಲಿಂದಲೋ ಬಂದ ಹಾಗೆ ಬರುತ್ತದೆ.

ಈಗ ಹನುಮಂತನಗರದವರಿಗೆ. ಮರದ ಯೋಚನೆ ಆಮೇಲೆ. ಮೊದಲು ಸ್ಪೀಕರಿನ ಜಾತಕ ಬರೆಸಿ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಬರೆದದ್ದು, ಆಮೇಲೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬೆಳೆಸಿದ್ದು, ಈಗ ಲೋಕವೆಲ್ಲ ಥೀಲ್-ಸ್ಮಾಲ್ ಅನ್ನುವ ಲೆಕ್ಕ. ನಿಮಗೆ ಬೇಕಾಗಿರೋದು ಮೂರೇ ಸಂಖ್ಯೆ. ಎಫ್‌ಎಸ್, ಅಂದರೆ ಕೋನ್ ತಾನಾಗಿ ತೂಗಾಡುವ ಹರ್ಟ್ಜ್. ಕ್ಯೂಟಿಎಸ್, ಅಂದರೆ ತೂಗಾಡಿದ ಮೇಲೆ ಎಷ್ಟು ಬೇಗ ನಿಲ್ಲುತ್ತದೆ ಅನ್ನೋದು. ಮೂರನೇದು ವಿಎಎಸ್, ಕೋನಿನ ಅಂಚು ಎಷ್ಟು ಲೀಟರ್ ಗಾಳಿಯಷ್ಟು ಮೆತ್ತಗಿದೆ ಅನ್ನುವ ಲೆಕ್ಕ. (ಇದನ್ನು ವ್ಯಾಸ ಅಂತ ಓದಿಕೊಂಡು ಒಬ್ಬರು ಟೇಪ್ ಹಿಡಿದು ಅಳೆದಿದ್ದರು, ಹಾಗೆ ಮಾಡಬೇಡಿ.)

ಬೇಕಾದ ಸಾಮಾನು: ಫೋನಿನಲ್ಲಿ ಟೋನ್ ಜನರೇಟರ್ ಆಪ್, ಒಂದು ಆಂಪ್ಲಿಫೈಯರ್, 1000 ಓಮ್ ರೆಸಿಸ್ಟರ್, 10 ಓಮ್ ರೆಸಿಸ್ಟರ್, ಎಸಿ ಮಿಲಿವೋಲ್ಟ್ ಓದುವ ಮಲ್ಟಿಮೀಟರ್. ತೀರಾ ಅಗ್ಗದ ಹಳದಿ ಮೀಟರಿನಲ್ಲಿ ಎಸಿ 200 ವೋಲ್ಟಿನಿಂದಲೇ ಶುರು, ಅದು ನಡೆಯಲ್ಲ. 1000 ಓಮನ್ನು ಸರಣಿಯಲ್ಲಿ ಹಾಕಿ, ಸ್ಪೀಕರ್ ಜಾಗದಲ್ಲಿ ಮೊದಲು 10 ಓಮ್ ಇಟ್ಟು, ಅದರ ಮೇಲೆ 100 ಮಿಲಿವೋಲ್ಟ್ ಬರುವ ತನಕ ವಾಲ್ಯೂಮ್ ತಿರುಗಿಸಿ. ಆಮೇಲೆ ವಾಲ್ಯೂಮ್ ಮುಟ್ಟಬೇಡಿ. 10 ಓಮ್ ತೆಗೆದು ಸ್ಪೀಕರ್ ಹಾಕಿ. ಈಗ ಮೀಟರ್ ತೋರಿಸುವ ಮಿಲಿವೋಲ್ಟನ್ನು ಹತ್ತರಿಂದ ಭಾಗಿಸಿದರೆ ಓಮ್. 20 ಹರ್ಟ್ಜ್‌ನಿಂದ ಮೇಲಕ್ಕೆ ಒಂದೊಂದೇ ಹರ್ಟ್ಜ್ ಹತ್ತುತ್ತಾ ಹೋಗಿ, ಎಲ್ಲಿ ಎಲ್ಲಕ್ಕಿಂತ ಜಾಸ್ತಿ ತೋರಿಸುತ್ತದೋ ಅದು ಎಫ್‌ಎಸ್. ಸ್ಪೀಕರನ್ನು ಮೇಜಿನ ಮೇಲೆ ಬೋರಲು ಹಾಕಬೇಡಿ, ಗಾಳಿಯಲ್ಲಿ ಹಿಡಿದಿರಬೇಕು.

ಮರದಹುಡಿ

ನಾನು ಮರದವನು, ಲೆಕ್ಕ ಅಳತೆ ಮೇಡಂಗೆ ಬಿಟ್ಟೆ. ಒಂದು ಮಾತು ಮಾತ್ರ. ಯಾರಾದರೂ ಬಂದು "ಹಳೇ ಮನೆ ಒಡೆದ ತೇಗದ ಬಾಗಿಲು ಇದೆ, ಅದರಲ್ಲಿ ಮಾಡಿಸು" ಅಂತ ಹೇಳುತ್ತಾರೆ, ಕೇಳಬೇಡಿ.

ಬೇಸ್_ಬೇಕು_ಗುರು

ನಾನೇ ಹೇಳೋಣ ಅಂತಿದ್ದೆ. ತೇಗಕ್ಕೇನಾಗಿದೆ?

ಮರದಹುಡಿ

ತೇಗಕ್ಕೇನೂ ಆಗಿಲ್ಲ, ಬಾಕ್ಸಿಗೆ ಆಗುತ್ತದೆ. ಇಡೀ ಮರದ ಹಲಗೆ ಮಳೆಗಾಲದಲ್ಲಿ ಅಡ್ಡಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆರೂ ಕಡೆ ಗೋಂದು ಹಾಕಿ ಬಿಗಿದ ಬಾಕ್ಸಿನಲ್ಲಿ ಅದಕ್ಕೆ ಓಡಾಡಲು ಜಾಗ ಎಲ್ಲಿದೆ? ಒಂದು ದಿನ ಮೂಲೆ ಬಿಡುತ್ತದೆ, ಗಾಳಿ ಸೋರುತ್ತದೆ, ಬೇಸ್ ಹೋಗುತ್ತದೆ. ಪ್ಲೈವುಡ್ಡಿನಲ್ಲಿ ಪದರಗಳು ಅಡ್ಡ-ಉದ್ದ ಕೂತಿರೋದರಿಂದ ಆ ಕಾಟ ಇಲ್ಲ. ಎಂಡಿಎಫ್ ಕೂಡ ಒಳ್ಳೇದೇ, ಸ್ಪೀಕರಿಗೆ ಸತ್ತ ಹಾಗೆ ಸದ್ದಿಲ್ಲದೆ ಕೂರುತ್ತದೆ. ಆದರೆ 18 ಎಂಎಂನ ಎಂಟು-ನಾಲ್ಕು ಅಡಿ ಶೀಟ್ ಹತ್ತಿರ ಹತ್ತಿರ 40 ಕೆ.ಜಿ. ತೂಗುತ್ತದೆ, ಅಂಚಿಗೆ ನೀರು ತಾಗಿದರೆ ಇಡ್ಲಿ ಉಬ್ಬಿದ ಹಾಗೆ ಉಬ್ಬುತ್ತದೆ. ಮನೆ ಒರೆಸುವಾಗ ಕೆಳಗಿಂದ ನೀರು ತಾಗೋದು ಖಂಡಿತ. ಗೆದ್ದಲು ಬಂದ ಮನೆ ಬೇರೆ. ನಾನಾದರೆ ಐಎಸ್ 710 (ನೀರು ತಡೆಯುವ ಮರೀನ್ ಪ್ಲೈ) ಅಂತ ಸೀಲ್ ಇರುವ 18 ಎಂಎಂ ಪ್ಲೈ ತೆಗೆದುಕೊಳ್ಳುತ್ತೇನೆ. ಪೂರ್ತಿ ಶೀಟ್ ಬೇಡ, ಸಿದ್ದಯ್ಯ ರೋಡ್ ಕಡೆ ಅರ್ಧ ಶೀಟ್ ಸಿಗುತ್ತದಾ ವಿಚಾರಿಸಿ.

ತೇಗ ಇದ್ದರೆ ಅಂಚಿಗೆ ಪಟ್ಟಿ ಹೊಡೆಸಿ, ಚೆಂದ ಕಾಣುತ್ತದೆ.

ಹಳೇಡೆಕ್_ಹನುಮಂತನಗರ (ಮಂಗಳವಾರ)

ಅಳೆದೆ. ಎರಡು ರಾತ್ರಿ ಹಿಡಿಯಿತು, ಹೆಂಡತಿ "ಈ ಗೂಂ ಅನ್ನೋ ಸದ್ದು ನಿಲ್ಲಿಸುತ್ತೀಯೋ ಇಲ್ವೋ" ಅಂತ ಎರಡು ಸಲ ಕೇಳಿದಳು.

ಎಡಗಡೆದು: ಡಿಸಿ ಓಮ್ 6.4. ತುದಿ, ಅಂದರೆ ಓಮ್ ಎಲ್ಲಕ್ಕಿಂತ ಜಾಸ್ತಿ ಬಂದ ಜಾಗ, 42 ಹರ್ಟ್ಜ್‌ನಲ್ಲಿ, ಅಲ್ಲಿ 38 ಓಮ್. ಬಲಗಡೆದು: 6.5 ಓಮ್, ಆದರೆ ತುದಿ 55 ಹರ್ಟ್ಜ್‌ನಲ್ಲಿ! ಒಂದೇ ದಿನ ಒಂದೇ ಅಂಗಡಿಯಲ್ಲಿ ತಂದ ಜೋಡಿ ಇಷ್ಟು ಬೇರೆ ಇರುತ್ತದಾ? ನಾನೇ ತಪ್ಪು ಅಳೆದೆನಾ?

ರಿಪೇರಿ_ರೇಡಿಯೋ

ಬಲಗಡೆಯದರ ಬಟ್ಟೆ ಅಂಚನ್ನು ಬೆಳಕಿಗೆ ಹಿಡಿದು ನೋಡು. ಬೆಳ್ಳಗೆ, ಒಣಗಿದ ಗಂಜಿಯ ಹಾಗೆ ಏನಾದರೂ ಕಾಣುತ್ತದಾ?

ಹಳೇಡೆಕ್_ಹನುಮಂತನಗರ

ಹೌದು!! ಸುತ್ತ ಒಂದು ಪೊರೆ ಇದೆ. ಅಪ್ಪನನ್ನು ಕೇಳಿದೆ. ತೊಂಬತ್ತರ ಆಸುಪಾಸಿನಲ್ಲಿ ಒಂದು ಸಲ ಸದ್ದು ಒಡೆಯುತ್ತಿದೆ ಅಂತ ರಿಪೇರಿಗೆ ಕೊಟ್ಟಿದ್ದರಂತೆ.

ರಿಪೇರಿ_ರೇಡಿಯೋ

ಅದೇ. ಅಂಚಿಗೆ ಬಿಳಿ ಗೋಂದು ಬಳಿದಿದ್ದಾರೆ. ಒಣಗಿ ಬಟ್ಟೆ ಗಟ್ಟಿಯಾಗಿದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಬಿಸಿ ನೀರಿಗೆ ಅದ್ದಿ, ಹಿಂಡಿ, ಬರೀ ತೇವ ಇರಬೇಕು, ಒಂದೊಂದೇ ಇಂಚು ನಿಧಾನ ಒರೆಸು. ಪೇಪರ್ ಕೋನಿಗೆ ನೀರು ಹೋಗಬಾರದು, ಹೋದರೆ ನನ್ನ ಬೈಯಬೇಡ. ಎಲ್ಲಾ ಬರಲ್ಲ, ಬಂದಷ್ಟು ಬರಲಿ.

ಅಳತೆ_ಮೊದಲು

ಒಳ್ಳೇದಾಯಿತು ಅಳೆದಿದ್ದು. ಅಳೆಯದೆ ಮಾಡಿಸಿದ್ದರೆ ಬಲಗಡೆ ಬೇಸ್ ಇಲ್ಲ ಅಂತ ಆಂಪ್ಲಿಫೈಯರ್ ಬಿಚ್ಚುತ್ತಿದ್ದಿರಿ.

ಎಡಗಡೆಯದರ ಉಳಿದ ಲೆಕ್ಕ ಮುಗಿಸೋಣ. 38ನ್ನು 6.4ರಿಂದ ಭಾಗಿಸಿ, 5.94. ಅದರ ವರ್ಗಮೂಲ 2.44. ಅದನ್ನು 6.4ಕ್ಕೆ ಗುಣಿಸಿದರೆ 15.6 ಓಮ್. ತುದಿಯ ಎರಡೂ ಪಕ್ಕದಲ್ಲಿ ಮೀಟರ್ 156 ಮಿಲಿವೋಲ್ಟ್ ತೋರಿಸುವ ಎರಡು ಜಾಗ ಹುಡುಕಿ ಹೇಳಿ.

ವಿಎಎಸ್‌ಗೆ ಕೋನಿನ ಮೇಲೆ ತೂಕ ಇಡಬೇಕು. ಐದು ರೂಪಾಯಿಯ ಹಿತ್ತಾಳೆ ಬಣ್ಣದ ನಾಣ್ಯ ಎರಡು, 2019ಕ್ಕೆ ಮುಂಚಿನವು, ಒಂದೊಂದು 6 ಗ್ರಾಂ. ಒಂದು, ಎರಡು ರೂಪಾಯಿಯ ಸ್ಟೀಲ್ ನಾಣ್ಯ ಬೇಡ, ಅವು ಅಯಸ್ಕಾಂತಕ್ಕೆ ಅಂಟುವ ಸ್ಟೀಲು, ಸ್ಪೀಕರಿನ ಮ್ಯಾಗ್ನೆಟ್ ಎಳೆದು ಲೆಕ್ಕ ಕೆಡಿಸುತ್ತದೆ. ಮಧ್ಯದ ಗುಬ್ಬಿಯ ಎರಡು ಪಕ್ಕಕ್ಕೆ ಮಕ್ಕಳ ಕ್ಲೇ ಒಂದು ಚೂರು ಹಾಕಿ ಅಂಟಿಸಿ, ಮತ್ತೆ ತುದಿ ಎಲ್ಲಿದೆ ನೋಡಿ. ಕ್ಲೇ ತೂಕವನ್ನೂ ಸೇರಿಸಿ ತೂಗಿಕೊಳ್ಳಿ.

ಸುಮ್ನೆ_ಕೇಳ್ತೀನಿ

ಕ್ಲೇ ಇಲ್ಲ ಅಂದರೆ ಚಪಾತಿ ಹಿಟ್ಟು ಆಗುತ್ತದಾ?

ಅಳತೆ_ಮೊದಲು

ಎಣ್ಣೆ ಹಾಕದೆ ಕಲಸಿದ್ದರೆ ಆಗುತ್ತದೆ. ರಾತ್ರಿ ಹಾಗೇ ಬಿಟ್ಟರೆ ಇರುವೆ ಬರುತ್ತದೆ, ಅದು ನಿಮ್ಮ ಜವಾಬ್ದಾರಿ.

ಹಳೇಡೆಕ್_ಹನುಮಂತನಗರ (ಗುರುವಾರ)

ಬಲಗಡೆಯದನ್ನು ಮೂರು ಸಂಜೆ ಒರೆಸಿದೆ. 55 ಇದ್ದದ್ದು 46ಕ್ಕೆ ಇಳಿಯಿತು. ಇನ್ನು ಇಳಿಯಲ್ಲ ಅನಿಸುತ್ತದೆ.

ಎಡಗಡೆಯದರ 156 ಮಿಲಿವೋಲ್ಟ್ ಜಾಗಗಳು 29 ಮತ್ತು 62 ಹರ್ಟ್ಜ್. ನಾಣ್ಯ, ಕ್ಲೇ ಸೇರಿ 12 ಗ್ರಾಂ ಆಯಿತು (ತೆಳುವಾದ ಒಂದು ಚೂರು ಕ್ಲೇ, ನನ್ನ ತಕ್ಕಡಿಗೆ ಅದು ಕಾಣಲೇ ಇಲ್ಲ). ತುದಿ 42ರಿಂದ 31.5ಕ್ಕೆ ಬಂತು.

ಅಳತೆ_ಮೊದಲು

29ನ್ನು 62ರಿಂದ ಗುಣಿಸಿ ವರ್ಗಮೂಲ ತೆಗೆದರೆ 42.4, ನಿಮ್ಮ ಎಫ್‌ಎಸ್ ಹತ್ತಿರವೇ ಬಂತು, ಹಾಗಾಗಿ ಅಳತೆ ಸರಿ ಇದೆ. ಕ್ಯೂಟಿಎಸ್ 0.52. ಕೋನಿನ ತೂಕ 15.4 ಗ್ರಾಂ. ವಿಎಎಸ್ ಸುಮಾರು 60 ಲೀಟರ್.

ಈಗ ಬಾಕ್ಸ್. ಮುಚ್ಚಿದ ಬಾಕ್ಸ್ ಆದರೆ ಲೆಕ್ಕ ಒಂದೇ ಸಾಲು: ವಿಎಎಸ್ ಭಾಗಿಸು ಬಾಕ್ಸಿನ ಲೀಟರ್, ಅದಕ್ಕೆ 1 ಸೇರಿಸು, ವರ್ಗಮೂಲ ತೆಗೆ. ಬಂದದ್ದರಿಂದ ಕ್ಯೂಟಿಎಸ್ಸನ್ನೂ ಎಫ್‌ಎಸ್ಸನ್ನೂ ಗುಣಿಸು. ಪುಸ್ತಕದ ಹಾಗೆ ಬಾಕ್ಸಿನೊಳಗಿನ ಕ್ಯೂ 0.707 ಬೇಕು ಅಂದರೆ 70 ಲೀಟರ್ ಬೇಕು, ನಿಮ್ಮ ಹಾಲಿಗೆ ಫ್ರಿಡ್ಜ್ ಬಂದ ಹಾಗೆ. 30 ಲೀಟರ್ ಮಾಡಿದರೆ ವರ್ಗಮೂಲ 1.73, ಕ್ಯೂ 0.9, ಬಾಕ್ಸಿನೊಳಗಿನ ಹರ್ಟ್ಜ್ 73. 0.9 ಅಂದರೆ ಬೇಸಿನ ಮೇಲ್ಭಾಗದಲ್ಲಿ ಒಂದು ಸಣ್ಣ ಉಬ್ಬು, ಒಂದು ಡೆಸಿಬೆಲ್ಲಿಗೂ ಕಡಿಮೆ. ಕಿವಿಗೆ ಹಿತವಾಗೇ ಇರುತ್ತದೆ.

ಬೇಸ್_ಬೇಕು_ಗುರು

73 ಹರ್ಟ್ಜ್? ಮೇಡಂ ಅದು ಬೇಸೇ ಅಲ್ಲ. ಮೂರಿಂಚಿನ ಪಿವಿಸಿ ಪೈಪ್ ತಂದು ಒಂದು ಪೋರ್ಟ್, ಅಂದರೆ ಪೈಪ್ ಇರುವ ತೂತು, ಹಾಕಿಸಿ. ಒಳವ್ಯಾಸ 7 ಸೆಂ.ಮೀ. ಇಟ್ಟುಕೊಂಡರೆ, 30 ಲೀಟರಿಗೆ 45 ಹರ್ಟ್ಜ್ ಟ್ಯೂನ್ ಮಾಡೋಕೆ 14 ಸೆಂ.ಮೀ. ಉದ್ದ ಸಾಕು. ನಾನೂ ಲೆಕ್ಕ ಹಾಕಬಲ್ಲೆ.

ಅಳತೆ_ಮೊದಲು

ಲೆಕ್ಕ ಸರಿ ಇದೆ, ಖುಷಿಯಾಯಿತು. ಹೊಸ ಸ್ಪೀಕರ್, ಕ್ಯೂಟಿಎಸ್ 0.35 ಇದ್ದಿದ್ದರೆ ನಾನೂ ಪೋರ್ಟ್ ಅನ್ನುತ್ತಿದ್ದೆ. 0.52ಕ್ಕೆ ಹಾಕಿದರೆ ಒಂದೇ ಸ್ವರದ ಬೇಸ್ ಬರುತ್ತದೆ, ಬಸ್ಸಿನಲ್ಲಿ ಹಾಕುತ್ತಾರಲ್ಲ ಆ ಥರ. ಇನ್ನೊಂದು, ಟ್ಯೂನ್ ಮಾಡಿದ ಹರ್ಟ್ಜ್‌ಗಿಂತ ಕೆಳಗೆ ಹೋದರೆ ಕೋನಿಗೆ ಹಿಂದಿನ ಗಾಳಿಯ ತಡೆ ಇರೋದೇ ಇಲ್ಲ, ಜೋರಾಗಿ ಹಾಕಿದರೆ ಕಾಯಿಲ್ ಕುಣಿದು ಹೊರಗೆ ಬರುತ್ತದೆ. 40 ವರ್ಷದ ಕಾಯಿಲ್ಲು ಅದು, ಮತ್ತೆ ಸಿಗಲ್ಲ.

ನಾನು ಮುಚ್ಚಿದ ಬಾಕ್ಸ್ ಅನ್ನೋದಕ್ಕೆ ನಿಜವಾದ ಕಾರಣ ಬೇರೆ. ಇವರ ಜೋಡಿ ಜೋಡಿಯೇ ಅಲ್ಲ, ಒಂದು 42, ಇನ್ನೊಂದು 46. ಬಲಗಡೆಯದರ ಅಂಚು ಗಟ್ಟಿ, ಅದರ ವಿಎಎಸ್ 50 ಲೀಟರ್ ಅಂದುಕೊಳ್ಳಿ. ಅದನ್ನು 30 ಲೀಟರಿನಲ್ಲಿ ಹಾಕಿದರೆ 75 ಬರುತ್ತದೆ. ಎಡಗಡೆಯದು 73. ಹೊರಗೆ 4 ಹರ್ಟ್ಜ್ ಇದ್ದ ವ್ಯತ್ಯಾಸ ಒಳಗೆ ಎರಡಕ್ಕೆ ಬಂತು, ಅದೂ ಮೇಲಿನ ಹರ್ಟ್ಜ್‌ನಲ್ಲಿ. ಯಾಕೆ ಅಂದರೆ ಸಣ್ಣ ಮುಚ್ಚಿದ ಬಾಕ್ಸಿನಲ್ಲಿ ಕೋನನ್ನು ವಾಪಸ್ ಎಳೆಯೋದು ಬಹುಪಾಲು ಒಳಗಿನ ಗಾಳಿ, ಹಳೇ ಬಟ್ಟೆ ಅಲ್ಲ. ಬಟ್ಟೆಗೆ ವಯಸ್ಸಾಗುತ್ತದೆ, ಗಾಳಿಗೆ ಆಗಲ್ಲ. ಗುಜರಿಯಿಂದ ತಂದ ಸ್ಪೀಕರಿಗೆಲ್ಲ ನಾನು ಮೊದಲು ಇದನ್ನೇ ಮಾಡೋದು. ಪೋರ್ಟ್ ಹಾಕಿದರೆ ಎರಡಕ್ಕೂ ಬೇರೆ ಬೇರೆ ಟ್ಯೂನ್ ಮಾಡುತ್ತಾ ಕೂರಬೇಕು.

ಬೇಸ್_ಬೇಕು_ಗುರು

ಹ್ಮ್. ಒಪ್ಪಿದೆ ಅಂತ ಬರೆಯಲ್ಲ, ಆದರೆ ಸುಮ್ಮನಿರುತ್ತೇನೆ.

ಮರದಹುಡಿ

30 ಲೀಟರ್ ಅಂತ ಗೊತ್ತಾಯಿತಲ್ಲ, ಈಗ ನನ್ನ ಸರದಿ. ಒಳಅಳತೆ ಅಗಲ 24, ಆಳ 29, ಎತ್ತರ 42 ಸೆಂ.ಮೀ., 29.2 ಲೀಟರ್. ಘನಾಕೃತಿ ಬೇಡ, ಮೂರೂ ಕಡೆ ಒಂದೇ ಅಳತೆ ಆದರೆ ಒಂದೇ ಸ್ವರ ಮೂರು ಪಟ್ಟು ಗುಂಯ್ ಅನ್ನುತ್ತದೆ. 18 ಎಂಎಂ ಪ್ಲೈನಲ್ಲಿ ತುಂಡುಗಳು: ಮುಂದೆ-ಹಿಂದೆ 27.6×45.6 ನಾಲ್ಕು, ಪಕ್ಕ 29×45.6 ನಾಲ್ಕು, ಮೇಲೆ-ಕೆಳಗೆ 24×29 ನಾಲ್ಕು. ಗರಗಸ ತಿನ್ನುವ 3 ಎಂಎಂ ಸೇರಿಸಿದರೂ ನಾಲ್ಕು-ನಾಲ್ಕು ಅಡಿ, ಅಂದರೆ ಸರಿಯಾಗಿ ಅರ್ಧ ಶೀಟಿನಲ್ಲಿ ಎರಡೂ ಬಾಕ್ಸ್ ಬರುತ್ತವೆ. ನಾನು ಆಳ 30 ಇಟ್ಟು ನೋಡಿದೆ, ಕೂದಲೆಳೆಯಷ್ಟು ಮಾತ್ರ ಉಳಿಯಿತು, ಕಾರ್ಪೆಂಟರ್ ಕೈ ಒಂದು ಚೂರು ನಡುಗಿದರೂ ಇನ್ನೊಂದು ಶೀಟ್ ತರಬೇಕು. ಉಳಿದ ಚೂರಿನಲ್ಲಿ ಪಕ್ಕದಿಂದ ಪಕ್ಕಕ್ಕೆ ಒಂದು ಅಡ್ಡಪಟ್ಟಿ ಕೊಡಿಸಿ.

ಅಳತೆ ಸೆಂಟಿಮೀಟರಿನಲ್ಲಿ ಕೊಡಬೇಡಿ, ಎಂಎಂನಲ್ಲಿ ಬರೆದು ಚಿತ್ರ ಕೊಡಿ. ಬಾಯಲ್ಲಿ ಹೇಳಿದರೆ ಅವರು ಇಂಚು, ಸೂತ್ ಮಾಡಿಕೊಳ್ಳುತ್ತಾರೆ, ಸೂತ್ ಅಂದರೆ ಎಂಟರಲ್ಲಿ ಒಂದಿಂಚು, ಆಮೇಲೆ ನಿಮ್ಮ ಲೆಕ್ಕ ಎಲ್ಲೋ ಹೋಗುತ್ತದೆ.

ಹಳೇಡೆಕ್_ಹನುಮಂತನಗರ (ಮುಂದಿನ ವಾರ, ಬುಧವಾರ)

ಚಿತ್ರ ಕೊಟ್ಟೆ, ಎಂಎಂನಲ್ಲೇ ಕೊಟ್ಟೆ. ಬಾಕ್ಸ್ ನೆಟ್ಟಗೆ ಬಂತು. ತೂತಿನ ಅಳತೆ ಬರೆಯೋದು ಮರೆತೆ. ಅಂಗಡಿಯವರು ಫೋನ್ ಮಾಡಿ "ಸ್ಪೀಕರ್ ಎಷ್ಟು ಇಂಚು ಸರ್" ಅಂದರು, ನಾನು ಮೀಟಿಂಗಿನಲ್ಲಿದ್ದೆ, "ಎಂಟು" ಅಂದೆ. ಎಂಟಿಂಚಿನ ತೂತು ಕೊಯ್ದಿದ್ದಾರೆ. ಸ್ಪೀಕರ್ ಇಟ್ಟ ತಕ್ಷಣ ಬಾವಿಗೆ ಕೊಡ ಬಿದ್ದ ಹಾಗೆ ಒಳಗೆ ಹೋಯಿತು. ಪುಣ್ಯಕ್ಕೆ ವೈರ್ ಕೈಯಲ್ಲಿತ್ತು.

ರಿಪೇರಿ_ರೇಡಿಯೋ

ಹಹಹ, ಕ್ಷಮಿಸು. ಎಂಟಿಂಚು ಅನ್ನೋದು ಹೊರಗಿನ ಚೌಕಟ್ಟಿನ ಅಳತೆ. ತೂತು ಏಳೂಕಾಲಿನ ಆಸುಪಾಸು ಇರಬೇಕಿತ್ತು, ಸ್ಪೀಕರ್ ಬೋರಲು ಹಾಕಿ ಅಳೆದೇ ಕೊಡಬೇಕು. ಇದು ಎಲ್ಲರಿಗೂ ಒಂದು ಸಲ ಆಗುತ್ತದೆ.

ಮರದಹುಡಿ

ಬಾಕ್ಸ್ ಬಿಸಾಕಬೇಡಿ. 12 ಎಂಎಂ ಪ್ಲೈನಲ್ಲಿ ಹತ್ತಿಂಚು ಚೌಕ ಕೊಯ್ಸಿ, ಮಧ್ಯೆ ಸರಿಯಾದ ತೂತು, ಮುಂದುಗಡೆ ಫೆವಿಕಾಲ್ ಹಾಕಿ ಸ್ಕ್ರೂ ಹೊಡೆಸಿ. ಬೇಕು ಅಂತಲೇ ಮಾಡಿಸಿದ ಹಾಗೆ ಕಾಣುತ್ತದೆ. ಸ್ಪೀಕರ್ ಕೆಳಗೆ ಕಿಟಕಿಗೆ ಅಂಟಿಸುವ ಫೋಮ್ ಟೇಪ್ ಹಾಕಿ. ಸ್ಕ್ರೂ ಬಿಗಿಯುವಾಗ ಕೋನ್ ಮೇಲೆ ಒಂದು ರಟ್ಟು ಮುಚ್ಚಿಕೊಳ್ಳಿ. ಮ್ಯಾಗ್ನೆಟ್ ಸ್ಕ್ರೂಡ್ರೈವರನ್ನು ಸೆಳೆದುಕೊಂಡು ಕೋನಿಗೆ ಚುಚ್ಚುತ್ತದೆ, ನನ್ನ ಒಂದು ಒಳ್ಳೇ ಸ್ಪೀಕರ್ ಹಾಗೇ ಹೋಯಿತು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಅಳತೆ_ಮೊದಲು

ಒಳಗೆ ಹಳೇ ದಿಂಬಿನ ಫೈಬರ್ ಸಡಿಲವಾಗಿ ತುಂಬಿ. ಹತ್ತಿ ಬೇಡ, ಹುಳ ಬರುತ್ತದೆ. ಕೋನನ್ನು ಮೆಲ್ಲಗೆ ಒತ್ತಿ, ಸ್ವಲ್ಪ ಹೊತ್ತು ಹಿಡಿದು ಬಿಡಿ, ನಿಧಾನ ವಾಪಸ್ ಬಂದರೆ ಸೋರಿಕೆ ಹೆಚ್ಚಿಲ್ಲ. ಟಕ್ ಅಂತ ಬಂದರೆ ಎಲ್ಲೋ ಗಾಳಿ ಹೋಗುತ್ತಿದೆ, ಹೆಚ್ಚಾಗಿ ವೈರ್ ಹೊರಗೆ ಬರುವ ತೂತಿನ ಹತ್ತಿರ. ಟ್ವೀಟರಿಗೆ ಏನು ಹಾಕಿದ್ದರು?

ಹಳೇಡೆಕ್_ಹನುಮಂತನಗರ

ಒಂದು ಕೆಪಾಸಿಟರ್ ಅಷ್ಟೆ. 4.7 ಮೈಕ್ರೋಫ್ಯಾರಡ್, ಎಲೆಕ್ಟ್ರೋಲಿಟಿಕ್.

ರಿಪೇರಿ_ರೇಡಿಯೋ

ಅದು ಇಷ್ಟು ಹೊತ್ತಿಗೆ ಒಣಗಿ ಹೋಗಿರುತ್ತದೆ. ಅಷ್ಟೇ ಮೈಕ್ರೋಫ್ಯಾರಡ್‌ನ ಫಿಲ್ಮ್ ಕೆಪಾಸಿಟರ್ ಎಸ್‌ಪಿ ರೋಡಿನಲ್ಲಿ ಕೇಳು. 8 ಓಮಿಗೆ ಸುಮಾರು 4200 ಹರ್ಟ್ಜ್‌ನಿಂದ ಮೇಲೆ ಬಿಡುತ್ತದೆ, ಕೋನ್ ಟ್ವೀಟರಿಗೆ ಸಾಕು.

ಹಳೇಡೆಕ್_ಹನುಮಂತನಗರ (ಭಾನುವಾರ ಸಂಜೆ)

ಆಯಿತು! ಕೆಳಗೆ ಕಡಪ ಕಲ್ಲಿನ ಎರಡು ತುಂಡು ಹಾಕಿ ಕೂರಿಸಿದೆ, ಒರೆಸುವ ನೀರೂ ತಾಗಲ್ಲ, ಗೆದ್ದಲು ಬಂದರೂ ಮೊದಲು ಕಣ್ಣಿಗೆ ಬೀಳುತ್ತದೆ. ಬಾಕ್ಸಿನೊಳಗೆ ಮತ್ತೆ ಅಳೆದೆ, ಎಡ 71, ಬಲ 74.

ಬೆಳಿಗ್ಗೆ ಅಮೃತವರ್ಷಿಣಿ 100.1 ಹಾಕಿದೆ. ವೀಣೆ ಬರುತ್ತಿತ್ತು, ಮೀಟಿದ್ದು ಒಂದೊಂದೂ ಬೇರೆ ಬೇರೆ ಕೇಳಿಸುತ್ತದೆ. ಮೃದಂಗದ ಗುಂಕಿ ಬಂದ ಜಾಗದಲ್ಲಿ ನಿಲ್ಲುತ್ತದೆ, ಹಳೇದರ ಹಾಗೆ ಹಾಲಿನ ತುಂಬ ಗುಂಯ್‌ಗುಡಲ್ಲ. ನನಗೆ ತುಂಬಾ ಇಷ್ಟವಾಯಿತು. ಅಪ್ಪ ಅರ್ಧ ಗಂಟೆ ಕೂತು ಕೇಳಿ, "ಚೆನ್ನಾಗಿದೆ, ಆದರೆ ನಮ್ಮ ಹಳೇದರಲ್ಲಿ ಬೇಸ್ ಜಾಸ್ತಿ ಇತ್ತು" ಅಂದರು.

ಬೇಸ್_ಬೇಕು_ಗುರು

ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ 🙏

ಅಳತೆ_ಮೊದಲು

ಗೋಡೆಗೆ ಇನ್ನೊಂದು ಅರ್ಧ ಅಡಿ ಹತ್ತಿರ ಸರಿಸಿ, ಸ್ವಲ್ಪ ಬೇಸ್ ಬರುತ್ತದೆ. ಮೂಲೆಗೆ ಮಾತ್ರ ತಳ್ಳಬೇಡಿ.

ಹಳೇಡೆಕ್_ಹನುಮಂತನಗರ

ಸರಿಸಿದೆ. "ಈಗ ಪರವಾಗಿಲ್ಲ" ಅಂದರು. ಅಷ್ಟು ಸಿಕ್ಕರೆ ಸಾಕು.

ಹಳೇ ಬಾಕ್ಸಿನ ಮುಂದಿನ ಬಟ್ಟೆ ಜಾಲರಿ ಎರಡೂ ಚೆನ್ನಾಗಿವೆ, ಗೆದ್ದಲು ಮುಟ್ಟಿಲ್ಲ. ಹೊಸದಕ್ಕೆ ದೊಡ್ಡದಾಗುತ್ತದೆ. ಯಾರಿಗಾದರೂ ಬೇಕಾ?

ಸುಮ್ನೆ_ಕೇಳ್ತೀನಿ

ನನಗೆ ಬೇಕು. ಹೋದ ಭಾನುವಾರ ಸಂಡೇ ಬಜಾರಿನಲ್ಲಿ ಎರಡು ಆರಿಂಚಿನ ಸ್ಪೀಕರ್ ತಂದಿದ್ದೀನಿ, ಹಿಂದೆ "1000 ವ್ಯಾಟ್ ಪಿಎಂಪಿಒ" ಅಂತ ಸ್ಟಿಕ್ಕರ್ ಇದೆ. ರೆಸಿಸ್ಟರೂ ತಂದೆ. ಮೀಟರ್ ಮಾತ್ರ ಹಳದಿದು.

ರಿಪೇರಿ_ರೇಡಿಯೋ

ಮೊದಲು ಆ ಸ್ಟಿಕ್ಕರ್ ಕಿತ್ತುಹಾಕು, ಪಿಎಂಪಿಒ ಅಂದರೆ ಬರೀ ಉಬ್ಬಿಸಿದ ವ್ಯಾಟ್ ಲೆಕ್ಕ. ಮೀಟರ್ ನನ್ನದು ತೆಗೆದುಕೊಂಡು ಹೋಗು, ವಾಪಸ್ ತಂದುಕೊಡಬೇಕು ಅಷ್ಟೆ.